ಕೆಂಪು ಟೇಪಿನ ವೈರು

"ಇವನಾ? ಇವನು ವೈರ್ ಸುತ್ತೋನು ಸಾರ್. ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದ ಆಸಾಮಿ. ಎಲ್ಲೂ ಗತಿ ಇರ್ಲಿಲ್ಲ, ಪಾಪ ಅಂತ ಇಟ್ಕೊಂಡಿದೀನಿ."

ಹೀಗೆ ಹೇಳಿ ವಿಶ್ವಾರಾಧ್ಯ ನಕ್ಕ. ಗೋಪಾಳದ ಅವನ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಆ ಮಧ್ಯಾಹ್ನ ಜೊತೆಗೆ ನಗುವವರಿಗೇನೂ ಕಡಿಮೆ ಇರಲಿಲ್ಲ. ಊರಿನ ಕೇಬಲ್ ಚಾನೆಲ್ಲಿನಿಂದ ಕ್ಯಾಮೆರಾ ಹೊತ್ತು ಬಂದಿದ್ದವನು ನಕ್ಕ. ಮೈಕು ಹಿಡಿದವನು ನಕ್ಕ. "ಮೂಲೇಲಿ ನಿಂತಿದಾರಲ್ಲ, ಅವರ್ಯಾರು?" ಎಂದು ಕೇಳಿದ್ದ ಷಡಕ್ಷರಪ್ಪನವರೂ ಮರ್ಯಾದೆಗೆ ಒಂದಿಷ್ಟು ನಕ್ಕರು. ಅವರು ಅದೇ ಊರಿನ ಗಾಂಧಿ ಬಜಾರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟು, ಈಗ ಸಿ.ಡಿ. ಹೊರತರುತ್ತಿದ್ದವರು.

ಮೂಲೆಯಲ್ಲಿದ್ದ ಉಜ್ಜನಪ್ಪನ ಕಿವಿ ಕೆಂಡವಾಯಿತು. ಇಪ್ಪತ್ಮೂರು ವರ್ಷದ ಅವನು ಆ ಬೆಳಗ್ಗೆ ಭದ್ರಾವತಿಯ ಕಾಗದನಗರದಿಂದ ಇಸ್ತ್ರಿ ಅಂಗಿ ತೊಟ್ಟು, ಕೂತರೆ ಸುಕ್ಕಾದೀತೆಂದು ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ. ಷಡಕ್ಷರಪ್ಪನವರ ತೊಡೆಯ ಮೇಲೆ ಒಂದು ಹಾಳೆ ಇತ್ತು, ಹೊಸ ಸಿ.ಡಿ.ಯ ಹೊದಿಕೆಯ ಕರಡು. ಕೆಳಗೆ 'ಧ್ವನಿ ಮಿಶ್ರಣ' ಎಂದು ಅಚ್ಚಾಗಿ, ಮುಂದೆ ಖಾಲಿ ಬಿಟ್ಟಿತ್ತು. ಆ ಖಾಲಿ ಜಾಗಕ್ಕಾಗಿಯೇ ಆ ಇಸ್ತ್ರಿ.

ಹೋದ ವರ್ಷದ ಸಿ.ಡಿ.ಯಲ್ಲಿ ಆ ಜಾಗದಲ್ಲಿ ವಿಶ್ವಾರಾಧ್ಯನ ಹೆಸರು ಬಂದಿತ್ತು. "ಪ್ರೆಸ್ಸಿನೋರು ಎಡವಟ್ ಮಾಡಿದ್ರು ಕಣೋ ಉಜ್ಜಾ. ಮುಂದಿನ ಸಲ ನಿಂದೇ. ನನ್ನ ತಮ್ಮನ್ನ ನಾನು ಬಿಟ್ಬಿಡ್ತೀನಾ?" ಎಂದು ಹೆಗಲ ಮೇಲೆ ಕೈ ಹಾಕಿದ್ದ. ತಮ್ಮ ಅಂದಿದ್ದ. ಆ ಒಂದು ಮಾತನ್ನು ನಂಬಿಕೊಂಡು ಉಜ್ಜನಪ್ಪ ವರ್ಷವಿಡೀ ಕತ್ತೆಯಂತೆ ದುಡಿದ.

ಆ ಸಿ.ಡಿ. ಓಡಿದ್ದು ಅದರ ಕಿಕ್ಕಿನಿಂದ. ಕುಣಿಯುವ ಹಾಡಿನಲ್ಲಿ ಎದೆಗೆ ಬಂದು ಗುದ್ದುವ 'ಢಬ್' ಇದೆಯಲ್ಲ, ಅದು ಕಿಕ್. ಅದರಡಿ ಹೊಟ್ಟೆಯೊಳಗೆ ಹರಿಯುವ ಗುಂಗು ಬೇಸ್. ಎರಡೂ ತಗ್ಗಿನ ಸದ್ದೇ, ಎರಡಕ್ಕೂ ಇರುವುದು ಒಂದೇ ದಾರಿ. ಒಟ್ಟಿಗೆ ಬಂದರೆ ಭದ್ರಾವತಿಯ ಹಳೇ ಸೇತುವೆ ಮೇಲೆ ಎರಡು ಲಾರಿ ಎದುರಾದ ಹಾಗೆ. ಅದೂ ಹೋಗದು, ಇದೂ ಹೋಗದು, ಕಿವಿಗೆ ಬರೀ ಗದ್ದಲ. ಹಾಗಂತ ಒಂದನ್ನು ಪೂರ್ತಿ ತಗ್ಗಿಸಿದರೆ ಹಾಡೇ ಸಪ್ಪೆ.

ಇದಕ್ಕೊಂದು ದಾರಿ ಉಜ್ಜನಪ್ಪನಿಗೆ ಹೊಳೆದದ್ದು ತನ್ನ ಹಳೇ ಕೆಲಸದಿಂದ. ಸ್ಟುಡಿಯೋಗೆ ಬರುವ ಮುಂಚೆ ಅವನು ಮದುವೆ ಛತ್ರಗಳಲ್ಲಿ ಮೈಕ್ ಸೆಟ್ ನೋಡಿಕೊಳ್ಳುತ್ತಿದ್ದ. ಅಯ್ನೋರು ಮೈಕಿನಲ್ಲಿ ಮಂತ್ರ ಶುರು ಮಾಡಿದರೆ ಹಾಡನ್ನು ಇಳಿಸಬೇಕು, ಅವರು ನಿಲ್ಲಿಸಿದರೆ ಏರಿಸಬೇಕು. ಕಿಕ್ ಬಂದಾಗ ಬೇಸನ್ನು ಹಾಗೇ ಇಳಿಸಿ, ಅದು ಹೋದೊಡನೆ ಏರಿಸಿದರೆ? ಆದರೆ ಅಯ್ನೋರು ಗಳಿಗೆಗೊಮ್ಮೆ ಬಾಯಿ ತೆರೆಯುತ್ತಾರೆ, ಕಿಕ್ ನಿಮಿಷಕ್ಕೆ ನೂರಿಪ್ಪತ್ತೈದು ಸಲ ಬರುತ್ತದೆ. ಮೊದಲ ಹಾಡಿಗೆ ಅವನು ಕಂಪ್ಯೂಟರಿನಲ್ಲಿ ಒಂದೊಂದು ಕಿಕ್ಕಿನ ಜಾಗದಲ್ಲೂ ಬೇಸಿಗೆ ಒಂದೊಂದು ಹಳ್ಳ ತೋಡಿದ. ಐನೂರು ಚಿಲ್ಲರೆ ಹಳ್ಳ, ನಾಲ್ಕು ದಿನ, ಮಣಿಕಟ್ಟು ಊದಿ ಬದನೆಕಾಯಾಯಿತು. ಕೇಳಿದ ವಿಶ್ವಾರಾಧ್ಯ, "ಏನೋ ಮಾಡಿದೀಯ ಮಾರಾಯ, ಎದೆ ಒಡೆದು ಹೋಗುತ್ತೆ!" ಎಂದು ನಿಂತಲ್ಲೇ ಕುಣಿದಿದ್ದ.

ಆಮೇಲೆ ಸ್ಟುಡಿಯೋದ ಕಂಪ್ರೆಸರ್ ಪೆಟ್ಟಿಗೆಯ ಬೆನ್ನಿಗೆ ಯಾರೂ ಮುಟ್ಟದ ಒಂದು ತೂತು ಇದ್ದದ್ದು ಅವನ ಕಣ್ಣಿಗೆ ಬಿತ್ತು. ಕಂಪ್ರೆಸರ್ ಅಂದರೆ ತನ್ನೊಳಗೆ ಹಾಯುವ ಸದ್ದು ಜೋರಾದರೆ ಅದುಮುವ ಪೆಟ್ಟಿಗೆ. ತೂತಿನ ಮೇಲೆ 'ಸೈಡ್‌ಚೈನ್' ಎಂದಿತ್ತು. ಪೆಟ್ಟಿಗೆಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಓದಿ ಹೇಳಿದವಳು ವಾಣಿ. ಆಲ್ಕೊಳದ ಬಿ.ಎ. ಹುಡುಗಿ, ಸಿ.ಡಿ.ಯ ಹಾಡುಗಾರ್ತಿ.

"ಉಜ್ಜಣ್ಣ, ಇಲ್ಲಿ ಬೇರೆ ಸದ್ದು ಕೊಟ್ರೆ, ಅದನ್ನ ಕೇಳಿಸ್ಕೊಂಡು ಇದನ್ನ ಅದುಮುತ್ತಂತೆ."

ಛತ್ರದಲ್ಲಿ ಅವನ ಕೈ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ! ಅಂಗಡಿಯ ವೈರು ಹಾಕಿ ನೋಡಿದ, ಆಗಲಿಲ್ಲ. ವೈರಿನ ತುದಿಯ ಪಿನ್ನಿನಲ್ಲಿ ಮೂರು ಭಾಗ, ಕಿಕ್ ಸೇರಬೇಕಾದದ್ದು ನಡುವಿನದಕ್ಕೆ. ಅದು ಗೊತ್ತಾಗಲು ಒಂದು ವಾರ ಹಿಡಿಯಿತು. ಸ್ವಂತ ದುಡ್ಡಿನಲ್ಲಿ ವೈರು ತಂದು, ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿ, ಗುರುತಿಗೆ ಕೆಂಪು ಟೇಪು ಸುತ್ತಿದ. ಬೇಸನ್ನು ಪೆಟ್ಟಿಗೆಯೊಳಗೆ ಹಾಯಿಸಿ, ವೈರಿನ ಒಂದು ತುದಿ ಕಿಕ್ ಹೊರಬರುವ ಕಂಪ್ಯೂಟರಿಗೆ, ಇನ್ನೊಂದು ಆ ತೂತಿಗೆ ಕೊಟ್ಟ. ಆ ವೈರಿನ ಸದ್ದು ಒಂದು ಚೂರೂ ಸ್ಪೀಕರಿಗೆ ಬರುತ್ತಿರಲಿಲ್ಲ. ಆದರೆ ಅದರಲ್ಲಿ ಕಿಕ್ ಹಾಯ್ದಾಗಲೆಲ್ಲ ಬೇಸು ತಲೆ ತಗ್ಗಿಸಿ ದಾರಿ ಬಿಡುತ್ತಿತ್ತು.

ವಿಶ್ವಾರಾಧ್ಯನಿಗೆ ಇದನ್ನು ಎರಡು ಸಲ ತೋರಿಸಿ, ಲಾರಿಯ ಹೋಲಿಕೆಯನ್ನೂ ಹೇಳಿದ್ದ. ಎರಡು ಸಲವೂ ಅವನು ಮೊಬೈಲು ಕಿವಿಗಿಟ್ಟುಕೊಂಡು "ಹ್ಞೂಂ, ಹ್ಞೂಂ" ಅಂದಿದ್ದ.

ಈಗ ಕ್ಯಾಮೆರಾ ಎದುರು ಅವನ ಬಾಯಿ ನೋಡಬೇಕಿತ್ತು. "ಕಿಕ್ ಬಂದಾಗ ಬೇಸ್ ಬಗ್ಗುತ್ತೆ. ಇದು ನನ್ನ ಸ್ವಂತ ಟೆಕ್ನಿಕ್ಕು. ಎರಡು ವರ್ಷ ತಲೆ ಕೆಡಿಸ್ಕೊಂಡು ಕಂಡುಹಿಡಿದೆ. ಹೆಂಗೆ ಅಂದ್ರೆ, ಈಗ ಭದ್ರಾವತಿ ಹಳೇ ಸೇತುವೆ ಮೇಲೆ ಎರಡು ಲಾರಿ ಎದುರಾದ್ವು ಅನ್ಕೊಳ್ಳಿ..."

ಲಾರಿಯನ್ನೂ ಬಿಡಲಿಲ್ಲವಲ್ಲ ನನ್ಮಗ! ಆ ಸೇತುವೆಯ ಮೇಲೆ ಬಸ್ಸಿನೊಳಗೆ ಬೆವರುತ್ತ ನಿಂತವನು ಉಜ್ಜನಪ್ಪ. ಬೈಕು ಬಿಟ್ಟು ಇಳಿಯದ ಇವನಿಗೆ ಅದರ ಅಗಲವಾದರೂ ಗೊತ್ತೇ? ಷಡಕ್ಷರಪ್ಪನವರ ಪಕ್ಕ ಕೂತಿದ್ದ ವಾಣಿಯ ಕಡೆ ಉಜ್ಜನಪ್ಪ ನೋಡಿದ. ಅವಳಿಗೆ ಎಲ್ಲ ಗೊತ್ತು. ಹೊಸ ಸಿ.ಡಿ.ಯಲ್ಲಿ ಅವಳಿಗೆ ಆರು ಹಾಡುಗಳಿದ್ದವು. ಅವಳು ತನ್ನ ಉಗುರು ನೋಡಿಕೊಳ್ಳುತ್ತ ಕೂತಳು.

ಷಡಕ್ಷರಪ್ಪ ಪೆನ್ನು ತೆಗೆದರು. "ಹಂಗಾದ್ರೆ ಧ್ವನಿ ಮಿಶ್ರಣಕ್ಕೆ ನಿಮ್ಮ ಹೆಸರೇ ಹಾಕ್ಲೇನ್ರಿ?"

"ಮತ್ತಿನ್ಯಾರದು ಸಾರ್?"

ಅವರು ಬರೆದರು. ಪೆನ್ನು ಕಾಗದದ ಮೇಲೆ ಕರಕರ ಅಂದದ್ದು ಆ ಮೂಲೆಯವರೆಗೂ ಕೇಳಿಸಿತು.

"ಸಾರ್, ಒಂದ್ನಿಮಿಷ," ಎಂದ ಕ್ಯಾಮೆರಾದವನು. "ಆ ಪೆಟ್ಟಿಗೆ ಹಿಂದೆ ಯಾವ್ದೋ ವೈರು ಜೋತಾಡ್ತಿದೆ. ಗಲೀಜಾಗಿ ಕಾಣುತ್ತೆ."

"ಲೇ ಉಜ್ಜಾ, ಕಿತ್ತಾಕೋ ಅದನ್ನ."

"ವಿಶ್ವಣ್ಣ, ಅದು..."

"ಅದೂ ಇಲ್ಲ, ಇದೂ ಇಲ್ಲ. ವೈರ್ ಸುತ್ತೋನು ವೈರ್ ಸುತ್ತು. ಟೀವಿಯೋರ ಮುಂದೆ ನಂಗೆ ಪಾಠ ಹೇಳ್ಬೇಡ."

ಮತ್ತೆ ನಗು. ಉಜ್ಜನಪ್ಪ ಪೆಟ್ಟಿಗೆಯ ಬಳಿ ಬಂದ. ಪೆಟ್ಟಿಗೆಯ ಹಿಂದೆ ಕೈ ಹಾಕಿ ಆ ತುದಿ ಕಿತ್ತ, ಕಂಪ್ಯೂಟರಿನ ಹಿಂದೆ ಬಗ್ಗಿ ಈ ತುದಿ ಕಿತ್ತ. ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ, ಎಲ್ಲೂ ತೊಡಕಾಗದಂತೆ ನಿಧಾನವಾಗಿ ಸುತ್ತಿದ. ಸುತ್ತಿದ್ದನ್ನು ಹೆಗಲಿಗೆ ಹಾಕಿಕೊಂಡು ಮೂಲೆಗೆ ಮರಳಿದ.

"ಈಗ ಕೇಳಿ ಹೊಸ ಹಾಡು, ಇನ್ನೂ ಸಿ.ಡಿ.ಗೆ ಇಳಿಸಿಲ್ಲ, ನೇರ ಪೆಟ್ಟಿಗೆಯಿಂದ್ಲೇ," ಎಂದು ವಿಶ್ವಾರಾಧ್ಯ ಗುಂಡಿ ಒತ್ತಿದ.

ವಾಣಿಯ ದನಿ ಚೆನ್ನಾಗಿಯೇ ಎದ್ದಿತು. ತಾಳಕ್ಕೆ ಷಡಕ್ಷರಪ್ಪನವರ ಕಾಲೂ ಎದ್ದಿತು. ಬೇಸು ಬಂತು, ಕಿಕ್ಕು ಬಂತು, ಎರಡೂ ಸೇರಿ ಸೇತುವೆ ಮೇಲೆ ನಿಂತುಬಿಟ್ಟವು. ಎದ್ದ ಕಾಲು ಅಲ್ಲೇ ಕೆಳಗಿಳಿಯಿತು.

"ಏನ್ರಿ ಇದು? ಗೋಣಿಚೀಲಕ್ಕೆ ದೊಣ್ಣೇಲಿ ಬಡಿದಂಗಿದೆ!"

ವಿಶ್ವಾರಾಧ್ಯ ಬೇಸು ತಗ್ಗಿಸಿದ, ಹಾಡು ಒಣಗಿತು. ಕಿಕ್ ಏರಿಸಿದ, ಸ್ಪೀಕರು ಗರಗರ ಅಂದಿತು. ಪೆಟ್ಟಿಗೆಯ ಮುಂದಿನ ಗುಂಡಿಗಳನ್ನೆಲ್ಲ ಎಡಕ್ಕೂ ಬಲಕ್ಕೂ ತಿರುವಿದ. ಕ್ಯಾಮೆರಾ ಓಡುತ್ತಲೇ ಇತ್ತು. ಕೊನೆಗೆ ಹಿಂದೆ ಬಗ್ಗಿ ನೋಡಿದವನಿಗೆ ಖಾಲಿ ತೂತು ಕಂಡಿತು. ಕೈಗೆ ಸಿಕ್ಕ ಇನ್ನೊಂದು ವೈರನ್ನು ತುರುಕಿದ. ಏನೂ ಆಗಲಿಲ್ಲ. ತಲೆಯೆತ್ತಿದ. ಉಜ್ಜನಪ್ಪನ ಹೆಗಲ ಮೇಲೆ ಕೆಂಪು ಟೇಪು.

"ತಮ್ಮಾ," ಎಂದ ವಿಶ್ವಾರಾಧ್ಯ. ದನಿ ಬೆಣ್ಣೆಯಾಗಿತ್ತು. "ಆ ವೈರು ಎಲ್ಲಿಂದ ಎಲ್ಲಿಗೆ ಕೊಟ್ಟಿದ್ಯೋ? ಹಾಕಿ ಕೊಡಪ್ಪ ಒಂಚೂರು."

ಷಡಕ್ಷರಪ್ಪ ಒಮ್ಮೆ ಅವನನ್ನು, ಒಮ್ಮೆ ಮೂಲೆಯನ್ನು ನೋಡಿದರು. ಈಗ ನಗುತ್ತಿರಲಿಲ್ಲ. "ಏನಪ್ಪಾ, ಇದೆಲ್ಲ ಮಾಡಿದ್ದು ನೀನೇನು?"

ಕೇಳಿದ್ದು ಅದನ್ನೇ. ವರ್ಷದಿಂದ ಯಾರಾದರೂ ಕೇಳಲಿ ಎಂದು ಅವನು ಕಾದಿದ್ದ ಮಾತು. ಹೌದು ಅಂದರೆ ಸಾಕಿತ್ತು, ಆ ಹಾಳೆಯಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಬರೆಯಬಹುದಿತ್ತು. ಹೌದು ಅಂದ ಮೇಲೆ ವೈರು ಮತ್ತೆ ಆ ಪೆಟ್ಟಿಗೆಗೇ ಹೋಗಬೇಕು, ಹೆಗಲ ಮೇಲೆ ಮತ್ತೆ ಅದೇ ಕೈ ಬೀಳಬೇಕು. ಉಜ್ಜನಪ್ಪ ಮೂಲೆ ಬಿಟ್ಟು ಬಾಗಿಲ ಕಡೆ ಹೊರಟ.

"ಹೇಳು ಉಜ್ಜಣ್ಣ," ಎಂದಳು ವಾಣಿ, ಈಗ.

ಅವನು ಬಾಗಿಲ ಬಳಿ ಚಪ್ಪಲಿ ಮೆಟ್ಟಿದ. "ಉಜ್ಜಾ! ಲೇ! ತಮ್ಮಾ!" ಎಂದು ಮೂರು ಹೆಸರಿನಿಂದ ಕರೆದದ್ದು ಕೇಳಿಸಿತು. ಅದರ ಹಿಂದೆಯೇ ಗೋಣಿಚೀಲದ ಸದ್ದೂ ಬರುತ್ತಿತ್ತು. ಹೆಗಲಿನಿಂದ ಜಾರುತ್ತಿದ್ದ ವೈರಿನ ಸುರುಳಿಯನ್ನು ಮೇಲಕ್ಕೆ ಎಳೆದುಕೊಂಡು, ಉಜ್ಜನಪ್ಪ ಭದ್ರಾವತಿ ಬಸ್ಸಿನ ಕಡೆ ನಡೆದ.