ಉತ್ತರ ಬರಬೇಕಾದ ಪತ್ರ

ಟಿ.ಬಿ. ಡ್ಯಾಂ ಬಸ್ ನಿಲ್ದಾಣದ ಪಕ್ಕದಲ್ಲಿ, ಕಾಲುವೆ ಕಚೇರಿಯ ಗೋಡೆಗೆ ಆತುಕೊಂಡ ಬೇವಿನ ಮರದ ಕೆಳಗೆ, ಅರ್ಜಿ ಬರೆಯುವ ಶಿಲ್ಪಶ್ರೀಯ ಮೇಜು. ಅಪ್ಪ ಅಂಜಿನಯ್ಯ ಮೂವತ್ತು ವರ್ಷ ಅಲ್ಲೇ ಕೂತು ಬರೆದು ತೀರಿಕೊಂಡ ಮೇಲೆ ಅದು ಅವಳದಾಯಿತು. ಕಂಪ್ಲಿ ಕಡೆಯಿಂದ, ಹೊಸಪೇಟೆ ಕಡೆಯಿಂದ ಜನರ ಗೋಳೆಲ್ಲ ಅಲ್ಲಿಗೆ ಬಂದು ಬೀಳುತ್ತಿತ್ತು. ನೀರು ಬರಲಿಲ್ಲ, ಪಿಂಚಣಿ ನಿಂತಿತು, ಕಾರ್ಡಿನಲ್ಲಿ ಹೆಸರು ತಪ್ಪಾಯಿತು. ಎಲ್ಲರ ಪರವಾಗಿ 'ನಾನು' ಎಂದು ಬರೆದು ಬರೆದು, ಪಾಪ, ತನ್ನದೇ ಮಾತು ಹೇಳಲು ಅವಳ ಕೈಯಲ್ಲಿ ಒಂದು ವಾಕ್ಯವೂ ಉಳಿದಿರಲಿಲ್ಲ. ಇಪ್ಪತ್ತೊಂಬತ್ತನೇ ವಯಸ್ಸಿಗೆ ಅವಳೊಂದು ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸಿಗೆ ಸೇರಿದಳು. ಕೋರ್ಸಿನ ಹೆಸರು ವೃತ್ತಿಪರ ಬರವಣಿಗೆ.

"ದಿನಾ ಬರಿಯಾಕಿಗೆ ಬರಿಯೋ ಸಾಲಿ ಯಾಕಬೇ?" ಎಂದು ಚಹಾದಂಗಡಿಯ ವಿರುಪಮ್ಮ ಕಾಲೆಳೆದಳು. ಶಿಲ್ಪಶ್ರೀ ನಕ್ಕು ಇಯರ್‌ಫೋನ್ ಸಿಕ್ಕಿಸಿಕೊಂಡಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಪಾಠ, ಬಂದರೆ ಅರ್ಜಿ. ವರದಿ, ಸುತ್ತೋಲೆ, ಪತ್ರಿಕಾ ಪ್ರಕಟಣೆ ಎಲ್ಲದರಲ್ಲೂ ಅವಳೇ ಮುಂದು. ಮುಗ್ಗರಿಸಿದ್ದು ಕೊನೆಯ ಪಾಠದಲ್ಲಿ.

"ನಿಮಗೆ ಬೇಕಾದ ಒಬ್ಬರಿಗೆ, ನಿಮ್ಮ ಸಲುವಾಗಿ, ಒಂದು ಪತ್ರ ಬರೆಯಿರಿ. ಅದಕ್ಕೆ ಉತ್ತರ ಬರಬೇಕು. ಎರಡನ್ನೂ ಜೊತೆಗಿಟ್ಟು ಕಳಿಸಿ," ಎಂದರು ಮೇಡಂ ತೆರೆಯ ಮೇಲೆ. ಉಳಿದವರು ಗೆಳೆಯರಿಗೆ ಬರೆದು ಮರುದಿನವೇ ಉತ್ತರ ತರಿಸಿಕೊಂಡರು. ಶಿಲ್ಪಶ್ರೀಗೆ ನೆನಪಾದದ್ದು ಒಂದೇ ಹೆಸರು, ಅಕ್ಕ ಲಲಿತಾ. ಸಂಡೂರಿನಲ್ಲಿದ್ದಾಳೆ. ಮಾತು ಬಿಟ್ಟು ಆರು ವರ್ಷ.

ಲಲಿತಾ ಒಂಬತ್ತು ವರ್ಷ ದೊಡ್ಡವಳು. ಅವರೆಲ್ಲ ತಮ್ಮ ಹಳ್ಳಿ ಮೆಟ್ರಿಯಲ್ಲಿದ್ದಾಗ ಅವ್ವ ನಾಟಿ ಕೆಲಸಕ್ಕೆ ಹೋಗಬೇಕು, ಅಪ್ಪ ಮೇಜಿಗೆ ಬರಬೇಕು, ಕೂಸನ್ನು ನೋಡುವವರು ಯಾರು? ನಾಲ್ಕನೇ ಇಯತ್ತೆಗೆ ಲಲಿತಾ ಶಾಲೆ ಬಿಟ್ಟಳು. ತಂಗಿ ಶಾಲೆಗೆ ಹೋಗುವಷ್ಟಾದಾಗ ಅವಳನ್ನು ಸೊಂಟದ ಮೇಲೆ ಹೊತ್ತು ತಂದು ಬಿಟ್ಟು, ತಾನು ಕಿಟಕಿಯ ಹೊರಗೆ ನಿಂತು ಪಾಠ ಕೇಳಿ ಹೋಗುತ್ತಿದ್ದಳು. ಮದುವೆಯಾದ ಮೇಲೆ ಇದೇ ಬಸ್ ನಿಲ್ದಾಣದಲ್ಲಿ, ಅಪ್ಪನ ಮೇಜಿನಿಂದ ಇಪ್ಪತ್ತು ಹೆಜ್ಜೆಗೆ ಇಡ್ಲಿ ಬಂಡಿ ಹಾಕಿದಳು. ಮಧ್ಯಾಹ್ನವಾದರೆ ತಂಗಿಯ ಮೇಜಿಗೆ ನಾಲ್ಕು ಇಡ್ಲಿ ಬರುತ್ತಿತ್ತು, ಕೇಳದೆಯೇ.

ಆ ಬಂಡಿಯನ್ನು ಎತ್ತಿಸಬೇಕೆಂದು, ಆರು ವರ್ಷದ ಹಿಂದೆ, ಎದುರಿನ ಹೋಟೆಲಿನ ಪಕ್ಕೀರಪ್ಪ ಬಂದು ಕೂತದ್ದು, ಬೇರೆಲ್ಲೂ ಅಲ್ಲ, ಶಿಲ್ಪಶ್ರೀಯ ಮುಂದೆಯೇ.

"ಅಕ್ಕನ ಮ್ಯಾಲ ಅರ್ಜಿ ಅಂತ ಕೈ ನಡುಗ್ತದೇನು? ನಿಮ್ಮಪ್ಪ ಮುಂದ ಬಂದು ಕುಂತವ್ರಿಗೆ ಇಲ್ಲ ಅಂದಾಂವಲ್ಲ," ಎಂದ ಅವನು.

ಅದು ಸುಳ್ಳಲ್ಲ. ಈ ಮೇಜುಗಳ ರಿವಾಜೇ ಹಾಗೆ. ಬಡಿದಾಡಿಕೊಂಡ ಇಬ್ಬರಿಗೂ ಒಂದೇ ಕೈ ಅರ್ಜಿ ಬರೆದುಕೊಡುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ಇವಳೋ ಆಗಷ್ಟೇ ಕೂತವಳು, ಅಪ್ಪನ ಕೈ ಮಗಳಿಗೆ ಬರಲಿಲ್ಲ ಎಂದು ನಾಲ್ಕು ಜನ ಆಡಿಕೊಳ್ಳುತ್ತಿದ್ದರು. ಸಾವಿರಾರು ಅರ್ಜಿ ಕಚೇರಿಯೊಳಗೆ ಹೋಗುತ್ತವೆ, ಯಾರು ಓದುತ್ತಾರೆ ಎಂದುಕೊಂಡಳು. ಬರೆದಳು. ಬರೆಯುವುದು ಬರೆದಳು, ಕೆಟ್ಟದಾಗಿಯಾದರೂ ಬರೆಯಬಾರದಿತ್ತೇ? ಹೊಗೆ, ಎಂಜಲು, ಬಸ್ಸಿಗೆ ಅಡ್ಡಿ ಎಂದು ಅಂಶ ಅಂಶವಾಗಿ, ಮುತ್ತು ಪೋಣಿಸಿದಂತೆ ಬರೆದಳು ಪುಣ್ಯಾತ್ಮಳು. ಯಾರೋ ಓದಿದರು. ಎಂಟು ದಿನದಲ್ಲಿ ಬಂಡಿ ಎದ್ದಿತು. ಲಲಿತಾ ಒಂದು ಮಾತೂ ಆಡದೆ ಗಂಡನ ಊರು ಸಂಡೂರಿಗೆ ಹೋಗಿಬಿಟ್ಟಳು.

ಆ ಅಕ್ಕನಿಗೆ ಈಗ ಪತ್ರ. ಮೊದಲನೆಯದು ಶುರುವಾದದ್ದೇ "ಮಾನ್ಯರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು. ಮೇಡಂ ನಕ್ಕುಬಿಟ್ಟರು. ಎರಡನೆಯದರಲ್ಲಿ ತನ್ನದೇನೂ ತಪ್ಪಿಲ್ಲವೆಂದು ಐದು ಕಾರಣ ಕೊಟ್ಟಿದ್ದಳು. ಮೇಡಂ ಈ ಸಲ ನಗಲಿಲ್ಲ.

"ಇದು ವಕೀಲರ ನೋಟಿಸು. ಇದರಲ್ಲಿ ನೀವೆಲ್ಲಿದ್ದೀರಿ ಶಿಲ್ಪಶ್ರೀ? ನಿಮಗೇನು ಬೇಕು?"

ಏನು ಬೇಕು ಎಂದು ದಿನಕ್ಕೆ ಇಪ್ಪತ್ತು ಜನರನ್ನು ಕೇಳುವವಳು ಅವಳು. ಅವಳನ್ನು ಯಾರೂ ಕೇಳಿರಲಿಲ್ಲ. ಇಯರ್‌ಫೋನ್ ಕಿತ್ತಿಟ್ಟು, ಬಸ್ಸಿನ ಜನ ನೋಡುತ್ತಿದ್ದಾರೆಂಬುದನ್ನೂ ಮರೆತು ಅತ್ತಳು. ಅವಳಿಗೆ ಅಕ್ಕ ಬೇಕಾಗಿತ್ತು, ಅಷ್ಟೇ.

ಮೂರನೆಯದನ್ನು ಮೇಡಂಗೆ ತೋರಿಸಲಿಲ್ಲ.

"ಅಕ್ಕಾ, ನಾ ಶಿಲ್ಪಿ. ಆ ಅರ್ಜಿ ಬರ್ದಾಕಿ ನಾನ. ಯಾರೂ ಓದಂಗಿಲ್ಲ ಅನ್ಕೊಂಡಿದ್ದೆ. ಚಂದ ಬರಿತಾಳ ಅನಿಸ್ಕೊಳ್ಳೋ ಹುಚ್ಚಿಗೆ ಬರ್ದೆ. ತಪ್ಪಾತು. ಮಧ್ಯಾಹ್ನ ಆದ್ರ ಈಗ್ಲೂ ನಿನ್ನ ಬಂಡಿ ನಿಲ್ತಿದ್ದ ಕಡಿಗೆ ನೋಡ್ತೀನಿ. ನಿನ್ನ ನೋಡಬೇಕು ಅನಿಸ್ತದ."

ಅಂಚೆಗೆ ಹಾಕಿದಳು. ಉತ್ತರ ಸಮೇತ ಕಳಿಸಲು ಇಪ್ಪತ್ತು ದಿನ ಗಡುವಿತ್ತು. ಅಂಚೆಯವನನ್ನು ದಿನಾ ಕೇಳಿ ಕೇಳಿ ಅವನು ದೂರದಿಂದಲೇ ತಲೆಯಾಡಿಸಿ ಹೋಗುವಂತಾಯಿತು. ಸಂಡೂರಿನ ಬಸ್ಸು ಬಂದಾಗಲೆಲ್ಲ ಕತ್ತು ಎತ್ತಿ ಇಳಿಯುವವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದಳು, ಕೊನೆಗೆ ಕಂಡಕ್ಟರ್ ಇಳಿದ ಮೇಲೆ ಪೆನ್ನು ಎತ್ತಿಕೊಳ್ಳುತ್ತಿದ್ದಳು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಹೆಂಗಸು ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ಲಲಿತಾ.

ಲಲಿತಾ ತಂಗಿಯ ಮುಖವನ್ನೂ ನೋಡಲಿಲ್ಲ, ಮೇಜಿನ ಮೇಲಿದ್ದ ಬಿಳಿ ಹಾಳೆ ನೋಡುತ್ತ ಹೇಳಿದಳು:

"ಒಂದು ಕಾಗದ ಬರೀಬೇಕು. ನನಗ ಕಲ್ತದ್ದೆಲ್ಲ ಮರ್ತು ಹೋಗ್ಯದ, ಹೆಸ್ರು ಬಿಟ್ರ ಬರಿಯಾಕ ಬರಂಗಿಲ್ಲ. ಮಗಳು ಬರಿತಾಳ, ಆದ್ರ ಇದನ್ನ ಆಕಿ ಕೈಲಿ ಬರಸಾಕ ಮನಸಾಗ್ಲಿಲ್ಲ."

"ಯಾರಿಗೆ?"

"ನನ್ನ ತಂಗಿಗೆ."

ಶಿಲ್ಪಶ್ರೀ ಪೆನ್ನು ತೆಗೆದಳು. ಇನ್ನೇನು ಮಾಡಿಯಾಳು?

"ಬರಕೋ. ನಿನ್ನ ಕಾಗದ ಮುಟ್ಟಿತು, ಮಗಳು ಓದಿ ಹೇಳಿದ್ಲು. ಬಂಡಿ ಹೋದದ್ದಕ್ಕ ನನಗ ಸಿಟ್ಟಿಲ್ಲ. ಸಂಡೂರಾಗೂ ಮಂದಿ ಇಡ್ಲಿ ತಿಂತಾರ. ಆದ್ರ ಅವತ್ತು ಬಂಡಿ ಎತ್ತಾಕ ಬಂದ ಸಾಹೇಬ್ರು ಅರ್ಜಿ ನನ್ನ ಮುಂದ ಓದಿದ್ರು. ಎಲ್ಡು ಸಾಲು ಕೇಳಾದ್ರಾಗ ಗೊತ್ತಾತು, ಇದು ನಮ್ಮ ಶಿಲ್ಪಿ ಬರವಣಿಗಿ ಅಂತ. ಅದ್ರಾಗ ನೀ ಬರ್ದಿದ್ದಿ, 'ಸದರಿ ಲಲಿತಾ ಎಂಬುವವರು' ಅಂತ. ನಾ ಸಾಲಿ ಬಿಟ್ಟು ಎತ್ತಿಕೊಂಡ ಕೂಸು ನನ್ನ 'ಎಂಬುವವರು' ಅಂದ್ಲು. ಬರದ್ಯಾ?"

"ಬರದೆ."

"ಓದು."

ಸಹಿಗೆ ಮುಂಚೆ ಓದಿ ಹೇಳುವುದು ಈ ಕೆಲಸದ ಕ್ರಮ. ಶಿಲ್ಪಶ್ರೀ ಓದಿದಳು. ಅಕ್ಕನ 'ನಾನು' ಅವಳ ಬಾಯಲ್ಲಿ ಬಂತು, ಅವಳನ್ನೇ ಬೈಯಿತು. ಲಲಿತಾ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ಪೆನ್ನು ಇಸಿದುಕೊಂಡು, ನಾಲಿಗೆ ಕಚ್ಚಿ, ಮೂರು ಅಕ್ಷರ ಸಹಿ ಮಾಡಿದಳು.

ಶಿಲ್ಪಶ್ರೀಗೆ ಆಗ ಹೊಳೆಯಿತು. ಪತ್ರವೂ ಅವಳ ಅಕ್ಷರ, ಉತ್ತರವೂ ಅವಳ ಅಕ್ಷರ. ತಾನೇ ಬರೆದುಕೊಂಡಿದ್ದಾಳೆ ಎನ್ನದೆ ವಿಶ್ವವಿದ್ಯಾಲಯದವರು ಇನ್ನೇನು ಅಂದಾರು? ಅಂದುಕೊಳ್ಳಲಿ, ಅಂಕ ಹಾಳಾಗಿ ಹೋಗಲಿ ಎಂದುಕೊಂಡಳು. ಎದುರಿಗೆ ಅಕ್ಕ ಕೂತಿದ್ದಳು.

ಲಲಿತಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನಾಚೆಗೆ ಚಾಚಿದಳು.

"ಮುಟ್ಟಿತಾ?"

"ಮುಟ್ಟಿತಕ್ಕಾ."

ಸಂಡೂರಿನ ಬಸ್ಸು ಹಾರ್ನ್ ಹಾಕಿತು. ಲಲಿತಾ ಎದ್ದು ಸೆರಗು ಸರಿಮಾಡಿಕೊಂಡಳು. ಎರಡು ಹೆಜ್ಜೆ ಹೋದವಳು ನಿಂತು, ಆರು ವರ್ಷದಲ್ಲಿ ಮೊದಲ ಸಲ ತಂಗಿಯ ಮುಖ ನೋಡಿದಳು.

"ಇದಕ್ಕ ಉತ್ತರ ಬರಿ. ಅಂಚಿಗೆ ಹಾಕಬ್ಯಾಡ, ಮಗಳು ಓದಿದ್ರ ನಿನ್ನ ದನಿ ಕೇಳಂಗಿಲ್ಲ. ಮನಿಗೆ ತಂದು ನೀನ ಓದು."