ಪರಪ್ಪ ಒತ್ತದ ಬೆನ್ನು

ಮೂರು ವರ್ಷದ ಹಿಂದೆ ಬೆಳಗಾವಿಯಲ್ಲಿ ಸುಂದರಾಬಾಯಿಯ ಎಡ ಮೊಲೆಯನ್ನು ತೆಗೆದಿದ್ದರು. ಹುಕ್ಕೇರಿಯ ಮನೆಯಲ್ಲಿ ಅದನ್ನು ‘ಆ ಆಪರೇಶನ್’ ಎನ್ನುತ್ತಿದ್ದರು. ಮಗಳು ರೂಪಾಲಿಗೆ ಘೋಡಗೇರಿಯಿಂದ ಸಂಬಂಧ ಬಂದ ಮೇಲೆ ಅಷ್ಟನ್ನೂ ಅನ್ನುವುದು ಬಿಟ್ಟರು.

2002ರಲ್ಲಿ ಜೈನರ ದಶಲಕ್ಷಣ ಪರ್ವ. ಸುಂದರಾಬಾಯಿ ಅಂದು ಮೌನವ್ರತ ಹಿಡಿದಿದ್ದಳು. ಎರಡು ತಿಂಗಳಿಂದ ಬೆನ್ನುನೋವು. ಗಂಡ ನೇಮಿನಾಥ ಎಲುಬು ಕೂಡಿಸುವ ಪರಪ್ಪನನ್ನು ಕರೆಸಿದ್ದ. ಪರಪ್ಪನೂ ಘೋಡಗೇರಿಯವನೇ.

“ಈ ಹಿಂದ ಏನರ ದೊಡ್ಡ ಜಡ್ಡು, ಆಪರೇಶನ್ ಆಗಿತ್ತೇನ್ರಿ?” ಎಂದು ಪರಪ್ಪ ಕೇಳಿದ.

“ಏನೂ ಇಲ್ಲ. ಕೊಡ ಎತ್ತಿದ್ಲು,” ಎಂದ ನೇಮಿನಾಥ.

ಸುಂದರಾಬಾಯಿ ಗೋಡೆ ನೋಡಿದಳು. ವ್ರತ ಹಿಡಿದವರು ಸುಳ್ಳು ಹೇಳುವಂತಿಲ್ಲ, ಅವಳು ಹೇಳಲಿಲ್ಲ.

ತೇಜಸ ಕಂಬಕ್ಕೆ ಒರಗಿ ನಿಂತಿದ್ದ. ಅವನು ನೇಮಿನಾಥನ ಅಣ್ಣನ ಮಗ; ಚಿಕ್ಕಮ್ಮ ಸುಂದರಾಬಾಯಿಯನ್ನು ಕಾಕು ಎನ್ನುತ್ತಿದ್ದ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬೇಸಿಗೆಯಿಂದ ಮನೆಯಲ್ಲೇ ಇದ್ದ. ಸ್ತನದ ಕ್ಯಾನ್ಸರ್ ಎಲುಬಿಗೆ ಹಬ್ಬುವಾಗ ಪ್ರೋಟೀನ್ ಕರಗಿಸುವ ಕಿಣ್ವಗಳು ಏನು ಮಾಡುತ್ತವೆ ಎಂಬುದೇ ಅವನ ಪ್ರಾಜೆಕ್ಟಿನ ವಿಷಯ. ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಈಗ ಪರಪ್ಪ ಎಣ್ಣೆ ಹಚ್ಚಿದ ಹೆಬ್ಬೆರಳುಗಳನ್ನು ಬೆನ್ನ ಮೇಲಿಡುತ್ತಿದ್ದ. ಒಳಗಿನ ಎಲುಬು ಸವೆದಿದ್ದರೆ ಒಂದೇ ಒತ್ತು ಸಾಕು, ಅದು ಕುಸಿದು ಬೆನ್ನುಹುರಿ ಜಜ್ಜಿ ಎರಡೂ ಕಾಲಿನ ಬಲ ಹೋಗುತ್ತದೆ.

“ಪರಪ್ಪ ಕಾಕಾ, ಒತ್ತಬ್ಯಾಡ್ರಿ. ಕಾಕುಗ ಕ್ಯಾನ್ಸರ್ ಆಗಿತ್ತು.”

“ತೇಜ್ಯಾ!” ಎಂದ ನೇಮಿನಾಥ. “ಅದನ್ನ ಕಡದು ಒಗದಾರ. ಎದಿಯಾಗಿಂದು ಬೆನ್ನಿಗಿ ಹೆಂಗ ಬರತೈತಿ? ನಡಕೊಂತ?”

“ಕಾಲುವಿ ನೀರು ಬದು ಕಡಕೊಂಡು ಹೋದಂಗ್ರಿ. ನಾಕು ಕಣ ಉಳದಿದ್ರ ಸಾಕು. ಅವು ಒಂದು ನಮೂನಿ ರಸ ಬಿಡತಾವು. ಆ ರಸ ಸುತ್ತಲಿನ ಮಾಂಸದ ಜಾಳಗಿ ಕರಗಸ್ತೈತಿ. ದಾರಿ ಆದಮ್ಯಾಲ ರಕ್ತಕ್ಕ ಬೀಳತಾವು, ಎಲಬಿನಾಗ ಹೋಗಿ ಕುಂದರತಾವು. ಅಲ್ಲಿ ಎಲುಬು ಕರಗಿದಷ್ಟೂ ಅವಕ್ಕ ಗೊಬ್ಬರ.”

ಇಷ್ಟು ಉದ್ದದ ಮಾತನ್ನು ಅವನು ಆ ಮನೆಯಲ್ಲಿ ಆಡಿದ್ದು ಅದೇ ಮೊದಲು.

ಪರಪ್ಪ ಕೈ ತೆಗೆದು ನೇಮಿನಾಥನನ್ನು ನೋಡಿದ.

“ಹುಡುಗ ಓದಿದ್ದು ಹೇಳಾಕತ್ತಾನ. ನೀ ಒತ್ತು,” ಎಂದ ನೇಮಿನಾಥ.

“ಖರೆ ಐತಿ,” ಎಂದಳು ಸುಂದರಾಬಾಯಿ. “ಎಡಗಡೆದು ತಗದಾರ.”

“ವ್ರತ ಮುರೀತಲ್ಲ!” ಎಂದ ನೇಮಿನಾಥ.

“ಮುರೀಲಿ. ನಾಳೆ ಮತ್ತ ಹಿಡೀತೇನಿ. ಬೆನ್ನು ಹಂಗ ಮತ್ತ ಸಿಗೂದಿಲ್ಲ.”

ಪರಪ್ಪ ಕೈಯೊರೆಸಿಕೊಂಡ. “ಮುರದದ್ದು ನನ್ನ ಕೆಲಸರಿ, ಕರಗಿದ್ದಲ್ಲ. ಒಂದು ಹಲಗಿ ತರ್ರಿ.” ಬೆನ್ನು ಬಾಗದಂತೆ ಅವಳನ್ನು ಹಲಗೆಗೆ ಕಟ್ಟಿ, ಬಾಡಿಗೆ ಜೀಪಿನೊಳಗೆ ತಾನೇ ಸರಿಸಿದ.

“ಘೋಡಗೇರ್ಯಾಗ…” ಎಂದು ನೇಮಿನಾಥ ಶುರುಮಾಡಿದ.

“ಕೇಳಿದ್ರ ಸುಳ್ಳು ಹೇಳೂದಿಲ್ರಿ. ಕೇಳದಿದ್ರ ಹೇಳೂದ ಇಲ್ಲ.”

ಬೆಳಗಾವಿಯ ದಾರಿಯಲ್ಲಿ ಸುಂದರಾಬಾಯಿ ಕೇಳಿದಳು: “ಆ ರಸಕ್ಕ ಔಷಧಿ ಐತೇನೋ?”

“ಇನ್ನೂ ಹುಡಕಾಕತ್ತಾರ, ಕಾಕು. ಎಲುಬು ಸವಿಯೂದನ್ನ ತಡಿಯೂ ಇಂಜೆಕ್ಷನ್ ಐತಿ.”

“ಯಾವಾಗಿಂದ ಗೊತ್ತು ನಿನಗ?”

“ಹೋದ ವರ್ಷದಿಂದ.”

“ಬೆನ್ನು ನೋಯಾಕತ್ತೈತಂತ ನಾ ಎರಡು ತಿಂಗಳಿಂದ ಹೇಳಾಕತ್ತೇನಿ,” ಎಂದಳು, ಸಿಟ್ಟಿಲ್ಲದೆ.

“ಕೇಳಿದ್ನಿ, ಕಾಕು,” ಎಂದ ತೇಜಸ.