ಮೂವರು ಗಂಡಂದಿರ ಕಿಟಕಿ

ಆ ಊರಿನ ಕೋಟೆಯೊಳಗಿನ ಓಣಿಗಳು ಎಷ್ಟು ಇಕ್ಕಟ್ಟೆಂದರೆ, ಎದುರುಬದುರು ಮನೆಯ ಇಬ್ಬರು ಹೆಂಗಸರು ತಮ್ಮ ತಮ್ಮ ಮಹಡಿಯಲ್ಲೇ ನಿಂತು ಒಬ್ಬರ ಕೈಯಿಂದ ಒಬ್ಬರು ಬೆಂಕಿಪೊಟ್ಟಣ ಇಸಿದುಕೊಳ್ಳಬಹುದಿತ್ತು. ದೊಡ್ಡ ವಾಹನಗಳಿಗೆ ಅಲ್ಲಿ ಜಾಗವೂ ಇಲ್ಲ, ಅನುಮತಿಯೂ ಇಲ್ಲ. ಹೊರಗಿನಿಂದ ಬಂದವರಿಗೆ ಊರು ತೋರಿಸುವುದೆಲ್ಲ ಬ್ಯಾಟರಿ ಗಾಡಿಗಳ ಕೆಲಸ. ಅಂಥದೊಂದು ಗಾಡಿಯ ಚಾಲಕ ಆ ಕೋಟೆಯೊಳಗೇ ಹುಟ್ಟಿ ಬೆಳೆದವನು. ಮೊದಲು ಬೇಕರಿಯ ವ್ಯಾನು ಓಡಿಸುತ್ತಿದ್ದ. ಅಕ್ಕನ ಗಂಡ ಎರಡು ಬ್ಯಾಟರಿ ಗಾಡಿ ಕೊಂಡಾಗ, 'ಹೊರಗಿನವರನ್ನ ಯಾಕೆ ಹುಡುಕಲಿ, ನೀನೇ ಬಾ' ಎಂದು ಒಂದನ್ನು ಅವನ ಕೈಗೆ ಕೊಟ್ಟಿದ್ದ.

ಗಾಡಿಯಲ್ಲಿ ಊರಿನ ಕತೆ ಹೇಳುತ್ತಿದ್ದದ್ದು ಚಾಲಕನಲ್ಲ, ಸ್ಪೀಕರು. ಭಾವ ಹಿಂದೆ ದೊಡ್ಡ ಹೋಟೆಲಿನ ಸ್ವಾಗತದ ಮೇಜಿನಲ್ಲಿ ಇದ್ದವನು. ಪ್ರವಾಸಿಗರ ಭಾಷೆ ಅವನಿಗೆ ನೀರು ಕುಡಿದಷ್ಟು ಸಲೀಸು. ಕತೆಯನ್ನೆಲ್ಲ ತಾನೇ ಬರೆದು, ತನ್ನದೇ ದನಿಯಲ್ಲಿ ಧ್ವನಿಮುದ್ರಿಸಿದ್ದ. ಚಾಲಕನಿಗೆ ಆ ಭಾಷೆಯಲ್ಲಿ ಬರುತ್ತಿದ್ದದ್ದು 'ಬನ್ನಿ', 'ಕೂತ್ಕೊಳ್ಳಿ', 'ತಲೆ ಜೋಪಾನ', 'ಇಳೀರಿ' ಇಷ್ಟೇ. ಕತೆಯ ನಡುವೆ ಆಗಾಗ ಒಂದು ಸಣ್ಣ ಗಂಟೆ ಕೇಳಿಸುತ್ತಿತ್ತು. ಗಂಟೆ ಕೇಳಿದ ಕೂಡಲೇ ನಿಧಾನ ಮಾಡಿ, ನೋಡಬೇಕಾದ್ದರ ಕಡೆ ಕೈ ತೋರಿಸಬೇಕು. ಕಾವಲು ಗೋಪುರ, ಉಪ್ಪಿನ ಉಗ್ರಾಣ, ಬಾವಿ, ಆಮೇಲೆ ತನ್ನ ಸ್ವಂತ ಮನೆಯ ಮಹಡಿಯ ಕಿಟಕಿ.

ಆ ಕಿಟಕಿಯನ್ನು ಕೆತ್ತಿದ್ದು ಅವನ ಅಪ್ಪ. ಅಪ್ಪ ಬಡಗಿ. ಚೌಕಟ್ಟಿನ ತುಂಬ ಬಳ್ಳಿ, ಬಳ್ಳಿಯ ತುದಿಗೆ ಹಕ್ಕಿ. ಮಗನಿಗೆ ಬುದ್ಧಿ ಬರುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಬೇರೆಯವರ ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ಸಾಕಿದ ಅಮ್ಮ ಈಗ ಮಧ್ಯಾಹ್ನ ಆ ಕಿಟಕಿಯಲ್ಲಿ ಕೂತಿರುತ್ತಿದ್ದಳು. ಮಗನ ಗಾಡಿ ಬರುವ ಹೊತ್ತಿಗೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿ, ಹಸಿರು ಶಾಲು ಹೊದ್ದು ಸಿದ್ಧ. ಮಗ ಕೈ ತೋರಿಸುತ್ತಿದ್ದ, ಗಾಡಿಯಲ್ಲಿದ್ದವರು ಒಂದೇ ಬಾಯಲ್ಲಿ 'ಓ' ಎನ್ನುತ್ತಿದ್ದರು, ಫೋನುಗಳು ಮೇಲೇಳುತ್ತಿದ್ದವು, ಅಮ್ಮ ಕೈ ಬೀಸುತ್ತಿದ್ದಳು. ಕೆಲವರು ನಗುತ್ತ ತಮ್ಮ ಕುತ್ತಿಗೆ ಹಿಡಿದುಕೊಳ್ಳುವುದೂ ಇತ್ತು. ಅದು ಅವರ ಕಡೆಯ ನಮಸ್ಕಾರವಿರಬೇಕು ಎಂದುಕೊಂಡು ಚಾಲಕ ತಾನೂ ಒಮ್ಮೆ ಕುತ್ತಿಗೆ ಮುಟ್ಟಿಕೊಂಡಿದ್ದ. "ನಿಮ್ಮಪ್ಪನ ಕೈಕೆಲಸ ಅಂದ್ರೆ ಸುಮ್ನೇನಾ" ಎಂದು ಅಮ್ಮ ಅಕ್ಕಪಕ್ಕದವರ ಮುಂದೆಲ್ಲ ಹೇಳಿಕೊಂಡಿದ್ದಳು.

ಒಂದು ದಿನ ಗಾಡಿಗೆ ಯಾವುದೋ ಪರದೇಶದ ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಗುಂಪು ಹತ್ತಿತು. ಅದರಲ್ಲೊಬ್ಬಳು ನರ್ಸು. ಹುಟ್ಟಿದ್ದು ಈ ಕಡೆಯೇ, ಬದುಕು ಮಾತ್ರ ಆ ಕಡೆ. ಚಾಲಕನ ಪಕ್ಕದಲ್ಲೇ ಕೂತು, ಬಹಳ ದಿನದಿಂದ ಮಾತಾಡಲು ಸಿಗದ ತನ್ನ ಭಾಷೆಯಲ್ಲಿ ಬಾಯಿತುಂಬ ಮಾತಾಡುತ್ತ ಬಂದಳು. ಮನೆಯ ಓಣಿ ಬಂತು. ಗಂಟೆ ಹೊಡೆಯಿತು. ಅವನು ಕೈ ತೋರಿಸಿದ, ಹಿಂದಿನವರು 'ಓ' ಎಂದರು, ಅಮ್ಮ ಕೈ ಬೀಸಿದಳು. ನರ್ಸು ಮಾತ್ರ ಸ್ಪೀಕರಿನ ಕಡೆ ಕಿವಿಗೊಟ್ಟಳು. ತಿರುವು ದಾಟಿದ ಮೇಲೆ ಕೇಳಿದಳು.

"ಅಣ್ಣ, ತಪ್ಪು ತಿಳ್ಕೋಬೇಡಿ. ಆ ಕಿಟಕೀಲಿ ಕೂತಿದ್ರಲ್ಲ, ಅವರು ನಾಟಕದವರಾ? ದುಡ್ಡು ಕೊಟ್ಟು ಕೂರಿಸಿರೋದಾ?"

"ನಾಟಕದವರಲ್ಲಮ್ಮ. ಅದು ನಮ್ಮಮ್ಮ."

ಅವಳು ಅವನ ಮುಖವನ್ನೇ ನೋಡಿದಳು. "ಸ್ಪೀಕರಲ್ಲಿ ಏನು ಹೇಳ್ತಿದಾರೆ ಅಂತ ನಿಮಗೆ ಗೊತ್ತಿಲ್ವಾ?"

"ಕಿಟಕಿ ವಿಚಾರ ತಾನೆ? ಕೆತ್ತನೆದು."

ಅವಳು ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದಳು. "ಮೂವರು ಗಂಡಂದಿರಿಗೆ ವಿಷ ಹಾಕಿದ ಹೆಂಗಸು ಅಂತ ಹೇಳ್ತಿದಾರೆ. ಸಾಕ್ಷಿ ಸಿಗಲಿಲ್ವಂತೆ, ಕೋರ್ಟು ಬಿಟ್ಟುಬಿಡ್ತಂತೆ. ಇನ್ನೊಬ್ಬ ಸಿಗ್ತಾನೇನೋ ಅಂತ ದಿನಾ ಕಿಟಕೀಲಿ ಕೂತು ಗಂಡಸರಿಗೆ ಕೈ ಬೀಸ್ತಾಳಂತೆ."

ಗಾಡಿ ನಿಂತಿತು. ಬ್ರೇಕು ಒತ್ತಿದ್ದು ತಾನೇ ಎಂಬುದೂ ಅವನಿಗೆ ತಕ್ಷಣ ತಿಳಿಯಲಿಲ್ಲ. ಹಿಂದಿನವರು ಏನೋ ಕೇಳಿದರು, ನರ್ಸು ಏನೋ ಹೇಳಿದಳು. ಅವನಿಗೆ ಕಾಣುತ್ತಿದ್ದದ್ದು ಸ್ಟೇರಿಂಗಿನ ಮೇಲಿದ್ದ ತನ್ನ ಬಲಗೈ. ಇಷ್ಟು ಕಾಲ ಅಮ್ಮನ ಕಡೆ ತೋರಿಸಿದ್ದು ಆ ಕೈಯೇ. ಅದು ತನ್ನದಲ್ಲವೇನೋ ಎಂಬಂತೆ ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಉಳಿದ ಸುತ್ತನ್ನು ಹೇಗೆ ಮುಗಿಸಿದನೋ. ಗಂಟೆಗಳು ಹೊಡೆದವು. ಅವನು ಯಾವುದಕ್ಕೂ ಕೈ ತೋರಿಸಲಿಲ್ಲ.

ಭಾವನ ಕಚೇರಿ ಕೋಟೆ ಬಾಗಿಲ ಪಕ್ಕದ ಸಣ್ಣ ಕೋಣೆ. ಗಾಡಿಗಳನ್ನು ಚಾರ್ಜಿಗೆ ಹಾಕುವುದೂ ಅಲ್ಲೇ. ಭಾವ ಸೀಟಿನ ಹೊದಿಕೆಗೆ ಸೋಪಿನ ನೀರು ಹಾಕಿ ಉಜ್ಜುತ್ತಿದ್ದ. ಚಾಲಕ ನಿಂತೇ ಕೇಳಿದ. ಭಾವ ತಲೆಯೆತ್ತಿ ನಕ್ಕ.

"ಓ, ಅದಾ. ಅದು ತಮಾಷೆಗೆ ಸೇರಿಸಿದ್ದು. ನೀನೇ ಹೇಳು, ಆ ಓಣೀಲಿ ನೋಡೋಕೆ ಏನಿದೆ? ಈ ಕಡೆ ಗೋಡೆ, ಆ ಕಡೆ ಗೋಡೆ, ಮಧ್ಯ ಚರಂಡಿ."

"ಅಮ್ಮ ಇದಾರೆ ಭಾವ."

"ಅದಕ್ಕೇ. ಜನಕ್ಕೆ ಎಷ್ಟು ಇಷ್ಟ ಆಗತ್ತೆ ಗೊತ್ತಾ? ಗೋಪುರ ಮರೀತಾರೆ, ಬಾವಿ ಮರೀತಾರೆ, ನಿಮ್ಮಮ್ಮನ್ನ ಮರೆಯಲ್ಲ. ಕೇಳೋರು ಯಾರು? ನಾಳೆ ವಿಮಾನ ಹತ್ತೋರು. ನಮ್ಮೂರಲ್ಲಿ ಒಬ್ಬರಿಗೂ ತಿಳಿಯಲ್ಲ."

"ನನಗೆ ತಿಳೀತಲ್ಲ."

ಭಾವನ ಕೈಯಲ್ಲಿದ್ದ ಬ್ರಷ್ಷು ನಿಂತಿತು. ಅವನು ಕೆಟ್ಟವನಲ್ಲ. ನಾಲಿಗೆಗೆ ಮಾತ್ರ ಎಲುಬಿರಲಿಲ್ಲ. "ಆಯ್ತಪ್ಪ, ತೆಗೆದುಹಾಕ್ತೀನಿ ಬಿಡು. ಅತ್ತೆಗೆ ಹೇಳೋಕೆ ಹೋಗಬೇಡ, ಸುಮ್ನೆ ನೊಂದ್ಕೋತಾರೆ" ಎಂದ.

ಹೇಳಬಾರದೆಂದೇ ಚಾಲಕನೂ ಮನೆಗೆ ಹೋದ. ಆದರೆ ಅಮ್ಮ ಬಾಗಿಲಲ್ಲೇ ಹಿಡಿದಳು. "ಯಾಕೋ, ಗಾಡಿ ಯಾರಿಗಾದ್ರೂ ತಾಗಿಸಿದ್ಯಾ? ಮುಖ ಸುಣ್ಣ ಬಳಿದ ಹಾಗಾಗಿದೆ." ಅವನು ಎರಡು ಸುಳ್ಳು ಹೇಳಿದ, ಎರಡೂ ನಿಲ್ಲಲಿಲ್ಲ. ಕೊನೆಗೆ ಹೇಳಿಬಿಟ್ಟ. ಅಮ್ಮ ಮೊದಲು ನಕ್ಕಳು. "ಮೂವರಾ? ಒಬ್ಬರನ್ನ ಸಂಭಾಳಿಸೋದ್ರಲ್ಲೇ ಸಾಕಾಗಿತ್ತು" ಎಂದಳು. ಮಗ ನಗದಿರುವುದನ್ನು ಕಂಡು ಅವಳ ನಗು ಅಲ್ಲೇ ನಿಂತುಹೋಯಿತು. ಹೋಗಿ ಶಾಲು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಬಂದಳು. ಅಡುಗೆಮನೆಗೆ ಹೋಗಿ ಒಲೆಯ ಮೇಲಿದ್ದ ಪಾತ್ರೆ ಇಳಿಸಿದಳು. ಆಮೇಲೆ ಹೊರಗೆ ಬಂದು, "ನಾನು ಕೇಳ್ಬೇಕು. ಅಷ್ಟೂ ಕೇಳ್ಬೇಕು. ಆ ಹುಡುಗಿ ಇನ್ನೂ ಊರಲ್ಲಿದ್ರೆ ಕರ್ಕೊಂಡು ಬಾ" ಎಂದಳು.

ನರ್ಸು ಊರಲ್ಲೇ ಇದ್ದಳು. ಮೊದಲು ಹಿಂಜರಿದಳು, ಆಮೇಲೆ ಬಂದಳು. ಗಂಡನಿಂದ ವಿಷಯ ತಿಳಿದು ಅಕ್ಕನೂ ಓಡಿ ಬಂದಿದ್ದಳು. "ಹೋಗ್ಲಿ ಬಿಡಮ್ಮ, ಅವರ ಬುದ್ಧಿ ನಿನಗೆ ಗೊತ್ತಲ್ಲ, ಬಾಯಿಗೆ ಬಂದದ್ದು ಆಡ್ತಾರೆ, ಮನಸ್ಸಲ್ಲಿ ಏನಿಲ್ಲ" ಎಂದು ಕೋಟೆ ಬಾಗಿಲಲ್ಲಿ ಗಾಡಿ ಹತ್ತಿದ ಮೇಲೂ ದಾರಿಯುದ್ದಕ್ಕೂ ಹೇಳುತ್ತಿದ್ದಳು. ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗ ಓಡಿಸುವ ಗಾಡಿಯಲ್ಲಿ ಅವಳು ಕೂತದ್ದು ಅದೇ ಮೊದಲು.

ಅವನು ಗಾಡಿಯನ್ನು ಮನೆಯ ಕೆಳಗೆ ತಂದು ನಿಲ್ಲಿಸಿ ಸ್ಪೀಕರು ಹಾಕಿದ. ಭಾವ ಆ ಕತೆಯನ್ನು ಇನ್ನೂ ಅಳಿಸಿರಲಿಲ್ಲ. ಗಂಟೆ ಹೊಡೆಯಿತು. ಭಾವನ ದನಿ, ಗುಟ್ಟು ಹೇಳುವವರ ಹಾಗೆ ತಗ್ಗಿಸಿದ್ದು. ನರ್ಸು ತುಸು ತುಸುವೇ ನಿಲ್ಲಿಸುತ್ತ ಹೇಳುತ್ತ ಹೋದಳು. ಮೊದಲನೆಯ ಗಂಡ ಧಾನ್ಯದ ವ್ಯಾಪಾರಿ, ಎರಡನೆಯವನು ಸೈನಿಕ. ಅಮ್ಮನ ಮುಖದಲ್ಲಿ ಏನೂ ಕದಲಲಿಲ್ಲ. ಯಾರದೋ ಕತೆ.

"ಮೂರನೆಯವನು ಬಡಗಿ" ಎಂದಳು ನರ್ಸು. "ಈ ಕಿಟಕಿ ಕೆತ್ತಿದವನು. ಕೆಲಸ ಮುಗಿಸಿ ಬಂದು ಮೇಜಿನ ಮುಂದೆ ಕೂತ. ಅವಳು ಟೀ ತಂದುಕೊಟ್ಟಳು. ಒಂದು ಗುಟುಕು ಕುಡಿದ. ಅವಳ ಮುಖ ನೋಡಿ, 'ಇವತ್ತೂ ಸಕ್ಕರೆ ಮರೆತೆಯೇನೇ' ಅಂದ. ಅಷ್ಟೇ. ಹಾಗೇ ಮೇಜಿನ ಮೇಲೆ ತಲೆ ಇಟ್ಟ."

ಅಮ್ಮ ಮುಂದಿನ ಕಂಬಿಯನ್ನು ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳು ತಾಯಿ. ಅವರು ಏನಂದ್ರು ಅಂತ?"

ನರ್ಸು ಮತ್ತೆ ಹೇಳಿದಳು.

ಅಮ್ಮ ನಿಧಾನವಾಗಿ ಮಗಳ ಕಡೆ ತಿರುಗಿದಳು. ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಚಾಲಕನಿಗೆ ಆಗಲೂ ಅರ್ಥವಾಗಲಿಲ್ಲ. "ಏನಮ್ಮ?" ಎಂದ.

"ನಿಮ್ಮಪ್ಪ ಕೊನೇಲಿ ಆಡಿದ ಮಾತು ಕಣೋ ಅದು" ಎಂದಳು ಅಮ್ಮ. "ಮನೇಲಿ ಇದ್ದದ್ದು ನಾನೊಬ್ಬಳೇ. ಡಾಕ್ಟರು ಬರೋ ಹೊತ್ತಿಗೆ ಎದೆಬಡಿತ ನಿಂತುಹೋಗಿತ್ತು. ನಿನಗೆ ಹೇಳ್ಬೇಕು ಹೇಳ್ಬೇಕು ಅಂದ್ಕೊಂಡೆ, ಬಾಯೇ ಬರಲಿಲ್ಲ. ಇವಳಿಗೆ ಒಂದೇ ಸಲ ಹೇಳಿದ್ದೆ."

ಅಪ್ಪನ ದನಿ ಹೇಗಿತ್ತೆಂದೂ ಅವನಿಗೆ ನೆನಪಿರಲಿಲ್ಲ. ಅಪ್ಪನ ಒಂದು ಮಾತೂ ಅವನ ಬಳಿ ಇರಲಿಲ್ಲ. ಇದ್ದ ಆ ಒಂದೇ ಮಾತು ಇಷ್ಟು ಕಾಲ ಅವನದೇ ಗಾಡಿಯಲ್ಲಿ, ಅವನ ಕಿವಿಯ ಪಕ್ಕದಲ್ಲೇ, ಅವನಿಗೆ ತಿಳಿಯದ ಭಾಷೆಯಲ್ಲಿ ಓಡಾಡಿತ್ತು. ಜನ ಅದನ್ನು ಕೇಳಿ ಕುತ್ತಿಗೆ ಹಿಡಿದುಕೊಂಡು ನಕ್ಕಿದ್ದರು. ಅವನು ಅವರ ಜೊತೆ ತಾನೂ ಹಲ್ಲು ಬಿಟ್ಟಿದ್ದ. ಸ್ಪೀಕರು ಆರಿಸಿ, ಇಳಿದು ಗೋಡೆಗೆ ಕೈಕೊಟ್ಟು ನಿಂತ.

"ಅಮ್ಮ, ಮದುವೆಯಾದ ಹೊಸದರಲ್ಲಿ ಅಪ್ಪನ ನೆನಪು ಬಂದು ಅಳ್ತಿದ್ದೆ" ಎಂದಳು ಅಕ್ಕ. "ಅವರು ಕೇಳಿದ್ರು, ಹೇಳಿದೆ. ಅವರೂ ಅವತ್ತು ಕಣ್ಣೀರು ಹಾಕಿದ್ರು. ಅದನ್ನ ಇಲ್ಲಿ ತಂದು ಹಾಕ್ತಾರೆ ಅಂತ ನನ್ನಾಣೆಗೂ ಗೊತ್ತಿರಲಿಲ್ಲ."

"ನೀನು ಹೇಳಿದ್ದು ತಪ್ಪಲ್ಲ ಕಣೆ. ಗಂಡನಿಗೆ ಹೇಳದೆ ಇನ್ಯಾರಿಗೆ ಹೇಳ್ತೀಯ" ಎಂದಳು ಅಮ್ಮ. ಅಷ್ಟು ಹೇಳಿ ಇಳಿದು, ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿದಳು.

ಸಂಜೆ ಭಾವ ತಾನಾಗಿಯೇ ಬಂದ. ಹೆಂಡತಿ ಮನೆಯಲ್ಲಿ ಏನು ಹೇಳಿದ್ದಳೋ, ಚಪ್ಪಲಿ ಬಿಡುವಾಗಲೇ ತಲೆ ಬಗ್ಗಿಸಿದ್ದ. ತೆಗೆದುಹಾಕಿದ್ದೇನೆ, ಪೂರ್ತಿ ಅಳಿಸಿದ್ದೇನೆ ಎಂದ. ಆ ಮಾತು ಕೇಳಿದಾಗ ತನ್ನ ಎದೆಗೆ ನಾಟಿತ್ತು, ಬರೆಯುತ್ತ ಕೂತಾಗ ತಾನಾಗಿ ಬಂದುಬಿಟ್ಟಿತು, ಅದು ಯಾರದು ಎಂದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ ಎಂದ. ಅದು ಸುಳ್ಳಿರಲಾರದು. ಅಮ್ಮ ಅವನನ್ನು ಕೂರಲು ಹೇಳಿದಳು.

"ಅಳಿಯಂದ್ರೇ, ಒಂದು ಮಾತು ಕೇಳ್ತೀನಿ. ನಾನು ವಿಷ ಹಾಕೋಳು ಅಂತ ಊರಿಗೆ ಬಂದೋರಿಗೆಲ್ಲ ಸಾರಿದ್ರಿ. ಸಾರಿ ಬಂದು, ಪ್ರತಿ ವಾರ ಇದೇ ಮೇಜಲ್ಲಿ ಕೂತು, ಎರಡೆರಡು ಸಲ ಬಡಿಸ್ಕೊಂಡು ಊಟ ಮಾಡಿದ್ರಿ. ನಿಮಗೆ ಒಂದು ದಿನವಾದ್ರೂ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಾ?"

ಭಾವ ಮುಖ ಮುಚ್ಚಿಕೊಂಡು ಕೂತ. ಅಮ್ಮ ಅವನನ್ನು ಹೊರಗೆ ಹೋಗೆಂದೂ ಅನ್ನಲಿಲ್ಲ, ಊಟಕ್ಕೇಳಿ ಎಂದೂ ಅನ್ನಲಿಲ್ಲ.

ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು. ಸ್ಪೀಕರಿನಲ್ಲಿ ಈಗ ಆ ಓಣಿಗೆ ಕತೆಯೇ ಇಲ್ಲ. ಅಮ್ಮ ಕೂರುವುದು ಹಿಂದಿನ ಕೋಣೆಯಲ್ಲಿ, ಹೊಲಿಗೆ ಮಿಷನ್ನಿನ ಹತ್ತಿರ. ಕಿಟಕಿಯ ಬಾಗಿಲು ಮುಚ್ಚಿಯೇ ಇತ್ತು. ಭಾವ ಮಗ್ಗುಲ ಬೀದಿಯಲ್ಲಿ ಅತ್ತೆಯನ್ನು ಕಂಡರೆ ನಿಂತು ದಾರಿ ಬಿಡುತ್ತಿದ್ದ.

ಕೆಲವು ವಾರ ಕಳೆದಿರಬೇಕು. ಚಾಲಕ ಮಧ್ಯಾಹ್ನ ಊಟಕ್ಕೆಂದು ಖಾಲಿ ಗಾಡಿಯಲ್ಲಿ ಮನೆಗೆ ಬಂದರೆ, ಬಾಗಿಲ ಮುಂದೆಯೇ ಜನ. ಕೊಡೆ ಎತ್ತಿ ಹಿಡಿದ ಗೈಡು ಒಬ್ಬ ನಡಿಗೆಯ ಗುಂಪು ಕರೆತಂದಿದ್ದ. ಯಾವ ಸಂಸ್ಥೆಯವನೋ, ಗುಂಪಿನ ಜೊತೆಗೇ ಪರದೇಶದಿಂದ ಬಂದವನು, ಈ ಓಣಿಯವರಿಗೆ ಗುರುತಿಲ್ಲದವನು. ಚಾಲಕನಿಗೆ ಅವನ ಭಾಷೆ ತಿಳಿಯಲಿಲ್ಲ. ಆದರೆ ಅವನು ಮುಚ್ಚಿದ ಕಿಟಕಿಯ ಕಡೆ ಕೊಡೆ ತೋರಿಸಿದ ರೀತಿ, ಲೋಟ ಎತ್ತಿ ಕುಡಿದಂತೆ ಮಾಡಿ ತಲೆ ಒರಗಿಸಿದ ರೀತಿ ತಿಳಿಯಿತು. ಗುಂಪಿನವರು 'ಓ' ಎಂದರು. ಭಾವ ಅಳಿಸಿದ್ದು ತನ್ನ ಗಾಡಿಯಲ್ಲಿದ್ದದ್ದನ್ನು ಮಾತ್ರ. ಕೇಳಿದವರ ಫೋನುಗಳಲ್ಲಿ, ಬಾಯಿಗಳಲ್ಲಿ ಹೋಗಿದ್ದಕ್ಕೆ ಯಾರು ಬ್ರೇಕು ಹಾಕುತ್ತಾರೆ?

ಆಗಲೇ ಬಾಗಿಲು ತೆರೆದು ಅಮ್ಮ ಹೊರಗೆ ಬಂದಳು. ಕೈಯಲ್ಲಿ ಕಸದ ಬುಟ್ಟಿ. ಗೈಡಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಯಾರೋ ಕೆಲಸದವಳೆಂದುಕೊಂಡು ಸರಿದು ಜಾಗ ಬಿಟ್ಟು, ಕತೆ ಮುಂದುವರಿಸಿದ. ಅವಳು ಅಲ್ಲೇ ನಿಂತು ಅವನನ್ನೇ ನೋಡಿದಳು. ಅವನು ಕಿಟಕಿಯ ಕಡೆ ಕೈಯೆತ್ತಿ, ಸತ್ತ ಗಂಡಂದಿರ ಲೆಕ್ಕಕ್ಕೆ ನಾಲ್ಕು ಬೆರಳು ಬಿಡಿಸಿ ಹಿಡಿದ.

ನಾಲ್ಕು. ಚಾಲಕ ಗಾಡಿಯಿಂದ ಧುಮುಕಿದ. ಅಷ್ಟರಲ್ಲಿ ಅಮ್ಮ ಬುಟ್ಟಿ ಕೆಳಗಿಟ್ಟು ಗೈಡಿನ ಹತ್ತಿರ ಹೋಗಿದ್ದಳು. ಎತ್ತಿದ ಅವನ ಕೈಯನ್ನು ಹಿಡಿದು ತನ್ನ ಎದೆಮಟ್ಟಕ್ಕೆ ಇಳಿಸಿದಳು. ಅವನು ಬೆಚ್ಚಿದ, ಕೈ ಎಳೆದುಕೊಳ್ಳಲಿಲ್ಲ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಒಂದನ್ನು ಉಳಿಸಿದಳು.

"ಒಬ್ರೇ" ಎಂದಳು. "ಅವರೂ ತಾವಾಗೇ ಹೋದ್ರು."

ಅವಳ ಮಾತು ಆ ಗುಂಪಿನಲ್ಲಿ ಯಾರಿಗೂ ತಿಳಿಯುವ ಭಾಷೆಯಲ್ಲಿ ಇರಲಿಲ್ಲ. ಆದರೆ ಗೈಡು ತನ್ನ ಒಂಟಿ ಬೆರಳನ್ನು ನೋಡಿದ, ಅವಳನ್ನು ನೋಡಿದ, ಮೇಲೆ ಮುಚ್ಚಿದ್ದ ಕಿಟಕಿಯನ್ನು ನೋಡಿದ. ಇನ್ನೊಂದು ಕೈಯಲ್ಲಿದ್ದ ಕೊಡೆಯನ್ನು ಇಳಿಸಿದ. ಮುಂದಿದ್ದ ಒಬ್ಬ ವಯಸ್ಸಾದ ಹೆಂಗಸು ತನ್ನ ಫೋನು ಕೆಳಗಿಳಿಸಿದಳು. ಪಕ್ಕದವನ ಫೋನಿನ ಮೇಲೆ ಕೈಯಿಟ್ಟು ಅದನ್ನೂ ಇಳಿಸಿದಳು.

ಅಮ್ಮ ಬುಟ್ಟಿ ಎತ್ತಿಕೊಂಡು ಓಣಿಯ ತುದಿಗೆ ಹೋಗಿ, ಕಸ ಹಾಕಿ, ಅವರ ನಡುವಿನಿಂದಲೇ ವಾಪಸು ಬಂದಳು. ಜನ ಗೋಡೆಗೆ ಒತ್ತಿ ನಿಂತು ದಾರಿ ಕೊಟ್ಟರು. ಚಾಲಕ ಇನ್ನೂ ಗಾಡಿಯ ಪಕ್ಕದಲ್ಲೇ ನಿಂತಿದ್ದ.

"ಬಾರೋ, ಊಟ ಆರಿಹೋಗತ್ತೆ" ಎಂದು ಅವಳು ಒಳಗೆ ಹೋದಳು.